ಹನ್ನೊಂದು ತಲೆ, ಒಂದು ಬುಟ್ಟಿ

ನನಗೆ ಸಿಟ್ಟು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಮುಂದೆ ಹೇಳುವುದರಲ್ಲಿ ಅರ್ಧ ಆ ಸಿಟ್ಟಿನಿಂದಲೇ ಆದದ್ದು. ತವರು ಮಾದನಹಿಪ್ಪರಗಾ, ಕೊಟ್ಟದ್ದು ಆಳಂದಕ್ಕೆ. "ಇಕಿ ಬಾಯಾಗ ಸಿಕ್ಕರ ಮುಗೀತು ನೋಡಪಾ" ಅಂತ ಎರಡೂ ಊರಲ್ಲಿ ಹೆಸರು ಗಳಿಸಿದ್ದೇನೆ. ಆ ಬಾಯಿ ನೋಡಿಯೇ ನನಗೆ ಈ ಕೆಲಸ ಕೊಟ್ಟರೋ ಏನೋ, ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೆಲಸ ಇಷ್ಟೇ. ಉದ್ಯೋಗ ಖಾತ್ರಿಯಲ್ಲಿ ಸರಕಾರ ಇಂಥ ಊರಲ್ಲಿ ಇಷ್ಟು ಖರ್ಚು ಮಾಡಿದೆ ಅಂತ ಹೇಳುತ್ತದಲ್ಲ, ಅದು ಖರೇನೋ ಸುಳ್ಳೋ ಅಂತ ಊರಿಗೇ ಹೋಗಿ ನೋಡಿಕೊಂಡು ಬರುವುದು. ಕಾಗದದ ಮೇಲೆ ಇದಕ್ಕೆ ಸಾಮಾಜಿಕ ಲೆಕ್ಕ ಪರಿಶೋಧನೆ ಅಂತ ಉದ್ದನೆಯ ಹೆಸರಿದೆ. ಊರ ಮಂದಿ ನಮ್ಮನ್ನು "ಆಡಿಟಿನವರು ಬಂದ್ರು" ಅಂತಾರೆ. ನಮ್ಮ ನಮ್ಮ ಊರನ್ನು ನಾವೇ ನೋಡುವ ಹಾಗಿಲ್ಲ. ಹೀಗಾಗಿ ಆಳಂದದ ನಾನು ಅಫಜಲಪುರಕ್ಕೂ ಜೇವರ್ಗಿಗೂ ಹೋಗುತ್ತೇನೆ, ಜೇವರ್ಗಿಯವರು ನಮ್ಮ ತಾಲೂಕಿನ ಮಟಕಿ ಕಡೆ ಬಂದು ನಮ್ಮವರ ಮಾನ ತೆಗೆದು ಹೋಗುತ್ತಾರೆ. ಬೆಳಗ್ಗೆ ಎರಡು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಸ್ಸು ಹತ್ತಿದರೆ ಒಂದೊಂದು ಊರಲ್ಲಿ ಎಂಟು ದಿನ ಸುತ್ತಾಟ.

ಹೋಗುವ ಮೊದಲು ಆಳಂದ ಬಸ್ ಸ್ಟ್ಯಾಂಡಿನ ಎದುರಿಗಿರುವ ಆನ್‌ಲೈನ್ ಅಂಗಡಿಯಲ್ಲಿ ಕೂತು ಆ ಊರಿನ ಪಟ್ಟಿ ತೆಗೆಸುತ್ತೇನೆ. ಇದಕ್ಕೆ ಯಾರ ಅಪ್ಪಣೆಯೂ ಬೇಡ. ಯಾರು ಎಷ್ಟು ದಿನ ದುಡಿದರು, ಎಷ್ಟು ಕೂಲಿ ಬಂತು, ಯಾವ ಹೊಲದಲ್ಲಿ ಯಾವ ಕೆಲಸ, ಎಲ್ಲಾ ವೆಬ್‌ಸೈಟಿನಲ್ಲಿದೆ. ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ತೆಗೆದ ಹಾಜರಿ ಫೋಟೊ ಕೂಡ ಇದೆ. ನೀವೂ ನೋಡಬಹುದು, ನಿಮ್ಮ ಮನೆಯ ಮುದುಕಿಯೂ ನೋಡಬಹುದು. ಊರಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ನಾನು ಮೊದಲು ತೋರಿಸುವುದು ಇದನ್ನೇ. "ನೋಡ್ರಿ, ಸರಕಾರದ ತಿಜೋರಿ ಬಾಗಲಾ ತಗದ ಇಟ್ಟಾರ. ಯಾರಿಗೂ ಕೈ ಮುಗಿಯೋ ಕೆಲ್ಸಿಲ್ಲ. ಇಲ್ಲಿ ಒತ್ರಿ, ಇಲ್ಲಿ ಊರ ಹೆಸರ ಹಾಕ್ರಿ, ಮುಗೀತು."

ನನಗೆ ಇದರ ಮೇಲೆ ಇಷ್ಟು ಪ್ರೀತಿ ಯಾಕಂದರೆ ನಮ್ಮಪ್ಪ. ನಾನು ಸಣ್ಣವಳಿದ್ದಾಗ ನಮ್ಮೂರಿಗೆ ಬಂದ ಸರಕಾರಿ ಮನೆಗಳು ಯಾರ ಯಾರ ಹೆಸರಿಗೆ ಆಗಿವೆ ಅಂತ ಒಂದು ಪಟ್ಟಿ ನೋಡಬೇಕಿತ್ತು ಅವನಿಗೆ. ಬರೀ ನೋಡಬೇಕಿತ್ತು, ಅಷ್ಟೇ. ಅದಕ್ಕಾಗಿ ಎಷ್ಟು ಸಲ ಕಚೇರಿಯ ಮೆಟ್ಟಿಲು ಹತ್ತಿದನೋ. ಕೊನೆಗೊಂದು ದಿನ ಅಲ್ಲಿದ್ದವನೊಬ್ಬ "ನೀ ಯಾರಲೇ ಕೇಳಾಕ?" ಅಂದನಂತೆ. ಅಪ್ಪ ಮನೆಗೆ ಬಂದು ರುಮಾಲು ಬಿಚ್ಚಿಟ್ಟು, ಊಟ ಬೇಡ ಅಂತ ಗೋಡೆ ಕಡೆ ಮುಖ ಮಾಡಿ ಮಲಗಿದ. ಆ ಪಟ್ಟಿ ಈಗ ನನ್ನ ಅಂಗೈಯಲ್ಲಿ ಬರುತ್ತದೆ. ಅಪ್ಪ ಇಲ್ಲ. ಪ್ರತಿ ಸಲ ಹಾಳೆ ಪ್ರಿಂಟರಿನಿಂದ ಬಿಸಿಬಿಸಿಯಾಗಿ ಹೊರಗೆ ಬಂದಾಗ ನನಗೆ ಅವನ ನೆನಪಾಗುತ್ತದೆ.

ಶುರುವಿನಲ್ಲಿ ಜೇವರ್ಗಿ ಕಡೆಯ ಒಂದು ಊರಲ್ಲಿ ನಾನು ದೊಡ್ಡ ಬೇಟೆ ಆಡಿದೆ. ಒಬ್ಬ ಕುಳದ ಹೊಲದಲ್ಲಿ ಕೃಷಿ ಹೊಂಡ ಪೂರ್ತಿಯಾಗಿದೆ ಅಂತ ಸೈಟಿನಲ್ಲಿತ್ತು, ಫೋಟೊ ಸಮೇತ. ಹೋಗಿ ನೋಡಿದರೆ ಎದೆಮಟ್ಟ ತೊಗರಿ ನಿಂತಿದೆ. "ಹೊಂಡ ಇತ್ತರೀ ಮ್ಯಾಡಂ, ಮಳಿಗೆ ಮುಚ್ಚಿ ಹೋತು" ಅಂದ ಪುಣ್ಯಾತ್ಮ. "ಅಣ್ಣಾ, ಹೊಂಡ ಮುಚ್ಚಿ ಹೋಗ್ಲಿ, ತೋಡಿದ ಮಣ್ಣಿನ ಗುಡ್ಡಿಯಾರ ತೋರ್ಸು" ಅಂದೆ. ಆಮೇಲೆ ಫೋಟೊ ತೆಗೆದು ನೋಡಿದೆ. ಹಿಂದೆ ಒಂದು ಡೊಂಕು ಬೇವಿನ ಗಿಡ ಇತ್ತು. ಅದೇ ಡೊಂಕು ಬೇವು ಅವನ ಪಕ್ಕದ ಹೊಲದವನ ಹೊಂಡದ ಫೋಟೊದಲ್ಲೂ ಇತ್ತು. ಒಂದೇ ಹೊಂಡ, ಎರಡು ಹೆಸರು! ಗ್ರಾಮಸಭೆಯಲ್ಲಿ ಎರಡೂ ಫೋಟೊ ಹಿಡಿದು ನಿಂತೆ. ಮಂದಿ ಚಪ್ಪಾಳೆ ಹೊಡೆದರು. ತಾಲೂಕಿನಲ್ಲಿ ನಮ್ಮ ಮೇಲಿದ್ದ ಸಾಹೇಬರು, ತಣ್ಣಗಿನ ಮನುಷ್ಯ, ಯಾರನ್ನೂ ಹೊಗಳುವವರಲ್ಲ, ಅವರೂ "ನಿಮ್ಮ ಕಣ್ಣಿಗೆ ಏನೂ ತಪ್ಪಂಗಿಲ್ಲ ಬಿಡ್ರಿ" ಅಂದರು. ಆ ಮಾತು ನನ್ನ ತಲೆಗೆ ಏರಿತು. ಎಷ್ಟು ಏರಿತು ಅಂದರೆ ಅದಾದ ಮೇಲೆ ನಾನು ಫೋಟೊ ನೋಡುವುದು ಬಿಟ್ಟು ಫೋಟೊದಲ್ಲಿ ಕಳ್ಳರನ್ನು ಹುಡುಕುವುದು ಶುರು ಮಾಡಿದೆ.

ಮರುವರ್ಷ ಅಫಜಲಪುರ ತಾಲೂಕಿನ ಒಂದು ಊರಿಗೆ ಹಾಕಿದರು. ಭೀಮಾ ಹೊಳೆಗೆ ಹತ್ತಿರ, ಆದರೆ ಹೊಳೆಯ ನೀರು ಊರಿನ ಮೇಲ್ಭಾಗಕ್ಕೆ ಹತ್ತುವುದಿಲ್ಲ. ಆ ಕಡೆ ದಿನ್ನೆಯ ಇಳುಕಲಿನಲ್ಲಿ ಮಳೆನೀರು ಇಂಗಲಿ ಅಂತ ಸಾಲಾಗಿ ತಗ್ಗು ತೋಡುವ ಕೆಲಸ. ಹನ್ನೆರಡು ಹೆಣ್ಣುಮಕ್ಕಳ ಗುಂಪು, ತಲೆಗೊಂದು ತಗ್ಗು. ಇಷ್ಟುದ್ದ, ಇಷ್ಟಗಲ, ಇಷ್ಟಾಳ ಅಂತ ಅಳತೆ ಇರುತ್ತದೆ, ಅಳತೆ ಬಂದರೆ ಕೂಲಿ. ಗುಂಪಿಗೊಬ್ಬಳು ಮುಖಂಡಳು, ಅವಳಿಗೆ ಕಾಯಕ ಬಂಧು ಅಂತಾರೆ. ಹಾಜರಿ ಹಾಕುವವಳೂ ಅವಳೇ, ಫೋಟೊ ತೆಗೆಯುವವಳೂ ಅವಳೇ.

ನಾನು ಆಳಂದದಲ್ಲಿ ಕೂತು ಆ ಫೋಟೊಗಳನ್ನು ಒಂದೊಂದೇ ತೆಗೆದು ನೋಡಿದೆ. ಬಿಸಿಲಿಗೆ ಸೆರಗು ಹೊದ್ದು ಸಾಲಾಗಿ ನಿಂತ ಹೆಂಗಸರು, ಕೈಯಲ್ಲಿ ಸಲಿಕೆ, ಕಾಲ ಬಳಿ ಬುಟ್ಟಿ. ಎಣಿಸಿದೆ. ಫೋಟೊ ತೆಗೆದವಳನ್ನೂ ಹಿಡಿದು ಹನ್ನೊಂದು. ಪಟ್ಟಿಯಲ್ಲಿ ಹಾಜರಿ ಹನ್ನೆರಡು. ಮಧ್ಯಾಹ್ನದ ಫೋಟೊ ತೆಗೆದೆ, ಹನ್ನೊಂದು. ಮರುದಿನದ್ದು, ಹನ್ನೊಂದು. ಎರಡು ವಾರ ಪೂರ್ತಿ ಹನ್ನೊಂದೇ ತಲೆ, ಹನ್ನೆರಡು ಕೂಲಿ. ಅಂಗಡಿಯವನ ಮುಂದೆಯೇ ಟೇಬಲ್ ಗುದ್ದಿದೆ. "ಸಿಕ್ಕಳಪಾ ಕಳ್ಳಿ!"

ಊರಿಗೆ ಹೋದ ಎರಡನೇ ದಿನ ಆ ಹನ್ನೆರಡನೆಯವಳ ಮನೆ ಸಿಕ್ಕಿತು. ಐವತ್ತು ದಾಟಿದ ಹೆಂಗಸು. ಪಡಸಾಲೆಯಲ್ಲಿ ಹಗ್ಗದ ಹೊರಸಿನ ಮೇಲೆ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಎಡಗಾಲಿಗೆ ತೊಡೆಯವರೆಗೆ ಸಿಮೆಂಟಿನ ಪಟ್ಟಿ. ಹಿತ್ತಲ ಕಟ್ಟೆಯಿಂದ ಜಾರಿ ಬಿದ್ದು ಮುರಿದಿತ್ತಂತೆ. ಒಬ್ಬಳೇ ಇರುವ ಮನೆ. ನನ್ನನ್ನು ನೋಡಿ "ಬರ್ರಿ ತಂಗಿ, ಕೂಡ್ರಿ" ಅಂದಳು. ನೆರೆಮನೆಯವಳನ್ನು ಕೂಗಿ ನನಗೆ ಚಹಾ ಮಾಡಿಸಿದಳು. ನಾನು ಕುಡಿದೆ. ಕುಡಿದೇ ಕೇಳಿದೆ.

"ಈ ಪಟ್ಟ್ಯಾಗ ಇರೋ ಎರಡು ವಾರ ನೀವು ಖಾತ್ರಿ ಕೆಲಸಕ್ಕ ಹೋಗಿದ್ರೇನ್ರಿ?"

"ಎಲ್ಲಿ ಹೋಗ್ಲಿ ತಂಗಿ? ಕಾಲ ನೋಡಾಕತ್ತೀರಲ್ಲ."

"ಮತ್ತ ಕೂಲಿ ನಿಮ್ಮ ಖಾತೆಕ್ಕ ಬಂದದಲ್ರಿ?"

"ಬಂದದ. ನಮ್ಮ ಗುಂಪಿನವ್ರು ನನ್ನ ಕೈ ಬಿಟ್ಟಿಲ್ಲ" ಅಂತ ನಕ್ಕಳು.

ಆ ನಗು ನೋಡಿ ನನಗೆ ಪಿತ್ತ ನೆತ್ತಿಗೇರಿತು. ಕದ್ದು ಸಿಕ್ಕಿಬಿದ್ದವರು ಅಳುತ್ತಾರೆ, ಜಗಳ ತೆಗೆಯುತ್ತಾರೆ, ಸುಳ್ಳು ಹೇಳುತ್ತಾರೆ. ಇವಳು ನಗುತ್ತಾಳಲ್ಲ! ಗುಂಪಿಗೆ ಗುಂಪೇ ಸೇರಿಕೊಂಡಿದೆ ಅಂತ ತೀರ್ಮಾನ ಮಾಡಿಬಿಟ್ಟೆ. "ಕೈ ಬಿಟ್ಟಿಲ್ಲ ಅಂದ್ರ ಏನು?" ಅಂತ ಒಂದು ಮಾತು ಕೇಳಲಿಲ್ಲ. ನಮ್ಮ ಫಾರ್ಮಿನಲ್ಲಿ ಕೊನೆಗೆ ಷರಾ ಅಂತ ಒಂದು ಕಾಲಂ ಇರುತ್ತದೆ. ಪ್ರಶ್ನೆಗಳಲ್ಲಿ ಹಿಡಿಯದೇ ಇದ್ದದ್ದನ್ನು ಅಲ್ಲಿ ಬರೆಯಬೇಕು. ನಾನು ಅದರಲ್ಲಿ ಒಂದು ಅಡ್ಡಗೆರೆ ಎಳೆದು ಅವಳ ಮುಂದೆ ಹಿಡಿದೆ. ಅವಳು ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು, "ರೊಟ್ಟಿ ಉಣ್ಣತೀರೇನ್ರಿ?" ಅಂತ ಕೇಳಿದಳು.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ. ನಾನು ಓದಿದೆ. ನನ್ನ ಗಂಟಲಿಗೆ ಮೈಕು ಬೇಕಿರಲಿಲ್ಲ. ಕೆಲಸಕ್ಕೆ ಬಾರದವಳ ಹೆಸರಿಗೆ ಎರಡು ವಾರದ ಹಾಜರಿ, ಕೂಲಿ ಪಾವತಿ, ಸ್ವತಃ ಒಪ್ಪಿಕೊಂಡಿದ್ದಾರೆ ಅಂತ ಹೆಸರು ಹಿಡಿದು ಓದಿದೆ. ಅವಳು ಸಭೆಗೆ ಬರುವಂತಿರಲಿಲ್ಲ. ಮುಂದಿನ ಸಾಲಿನಿಂದ ಕಾಯಕ ಬಂಧು ಎದ್ದಳು. ಮೂವತ್ತರ ಒಳಗಿನ ಹುಡುಗಿ, ಹತ್ತನೇತ್ತೆ ಓದಿದವಳು, ಕೈಯಲ್ಲಿ ಫೋನು.

"ಮ್ಯಾಡಂ, ಒಂದು ಮಾತು ಹೇಳ್ತೇನಿ..."

"ಕೂಡ್ರು ಬೇ ಸುಮ್ನ. ಹಾಜರಿ ಹಾಕ್ದಾಕಿ ನೀನೇ ಅಲ್ಲ? ನಿನ್ನ ಪಾಳಿ ಬರ್ತದ, ಆವಾಗ ಹೇಳುವಂತಿ."

ಕೂತಳು. ಅವಳ ಪಾಳಿ ಬರಲಿಲ್ಲ, ನಾನು ತರಲಿಲ್ಲ. ಸಭೆ ನಡೆಸಲು ಬಂದಿದ್ದ ಅಧಿಕಾರಿ ಮೂರು ಸಾಲು ಬರೆದರು. ಕೂಲಿ ವಾಪಸು ವಸೂಲಿ. ಆ ಹೆಂಗಸಿನ ಜಾಬ್ ಕಾರ್ಡ್ ರದ್ದು ಮಾಡಲು ಶಿಫಾರಸು. ಕಾಯಕ ಬಂಧುವನ್ನು ಬದಲಾಯಿಸುವುದು. ಈ ಸಲ ಚಪ್ಪಾಳೆ ಬೀಳಲಿಲ್ಲ. ಹೆಣ್ಣುಮಕ್ಕಳು ಎದ್ದು ಸೀರೆಯ ಮಣ್ಣು ಝಾಡಿಸಿಕೊಂಡು ಒಬ್ಬರ ಮುಖ ಒಬ್ಬರು ನೋಡದೆ ಹೋದರು. ಎಂಟು ದಿನ ನನಗೆ ಚಹಾ ಕೊಟ್ಟ ಊರು, ಅವತ್ತು ಯಾರೂ ಬಾ ಅನ್ನಲಿಲ್ಲ. ಹೋಗಲಿ, ಖರೇ ಹೇಳಿದವರನ್ನು ಯಾರು ಕರೀತಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಬ್ಯಾಗು ಎತ್ತಿಕೊಂಡೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದೆ. ಆ ಕಾಯಕ ಬಂಧು ಬಂದಳು. ಜಗಳಕ್ಕೆ ಬಂದಳು ಅಂತ ನಾನು ಸೆರಗು ಬಿಗಿದೆ. ಅವಳು ಪಕ್ಕದಲ್ಲಿ ಕೂತು ಫೋನು ತೆಗೆದಳು.

"ನೀವೇ ಮೊನ್ನಿ ತೋರಿಸಿಕೊಟ್ರಲ್ರಿ, ಸೈಟ ಎಲ್ಲಾರೂ ನೋಡಬಹುದು ಅಂತ. ನಾನೂ ನೋಡೀನಿ. ನೀವು ಎಣಿಸಿದ ಫೋಟೊ ಇದೇ ಹೌದಲ್ರಿ?"

"ಹೌದು."

"ಎಣಸ್ರಿ."

"ಎಷ್ಟ ಸರ್ತಿ ಎಣಸ್ಲಿ? ನಿನ್ನೂ ಹಿಡದು ಹನ್ನೊಂದು."

"ಹನ್ನೆರಡ್ರಿ. ಬುಟ್ಟಿ ಬಿಟ್ಟೀರಿ ನೀವು."

ಬೆರಳಿನಿಂದ ಫೋಟೊ ದೊಡ್ಡದು ಮಾಡಿದಳು. ಸಾಲಿನ ನಡುವೆ, ಇಬ್ಬರು ಹೆಂಗಸರ ಮಧ್ಯೆ ಒಂದು ಆಳು ನಿಲ್ಲುವಷ್ಟು ಜಾಗ. ಅಲ್ಲೊಂದು ಬುಟ್ಟಿ ಬೋರಲು ಹಾಕಿದೆ. ಅದರ ಮೇಲೆ ಮಡಚಿಟ್ಟ ಒಂದು ಟವೆಲ್ಲು. ಇನ್ನೊಂದು ಫೋಟೊ ತೆಗೆದಳು, ಅಲ್ಲೂ ಅದೇ ಬುಟ್ಟಿ, ಅದೇ ಟವೆಲ್ಲು. ಇನ್ನೊಂದು. ಎಲ್ಲದರಲ್ಲೂ ಇತ್ತು. ಎರಡು ವಾರ ಪೂರ್ತಿ ಇತ್ತು.

"ಆ ಬುಟ್ಟಿ ಆಕೀದ್ರಿ. ಟವೆಲ್ಲೂ ಆಕೀದೇ, ತಲಿ ಮ್ಯಾಲ ಸಿಂಬಿ ಸುತ್ಕೊಳ್ಳೋದು. ದಿನಾ ಮುಂಜಾನೆ ಆಕಿ ಮನಿಗೆ ಹೋಗಿ ತರ್ತಿದ್ವಿ. ನಮ್ಮ ನಮ್ಮ ತಗ್ಗು ಮುಗಿಸಿ ಆಕಿ ತಗ್ಗೂ ಎಲ್ಲಾರೂ ಕೂಡಿ ತೋಡೀವಿ. ಒಂದ ಬುಟ್ಟಿ ಮಣ್ಣ ಕಡಿಮಿ ಇಲ್ರಿ ಅಲ್ಲಿ. ಹೋಗಿ ಅಳೀರಿ ಬೇಕಾದ್ರ." ಫೋನು ಮಡಿಲಲ್ಲಿ ಇಟ್ಟುಕೊಂಡು ಕೇಳಿದಳು, "ನಿಮ್ಮ ಆಳಂದ ಕಡೆ ಮುಯ್ಯಿ ಇಲ್ಲೇನ್ರಿ?"

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಇಲ್ಲದೇ ಏನು! ಇವತ್ತು ನೀವು ನನ್ನ ಹೊಲಕ್ಕೆ ಆಳಾಗಿ ಬರುವುದು, ನಾಳೆ ನಾನು ನಿಮ್ಮ ಹೊಲಕ್ಕೆ ಬಂದು ತೀರಿಸುವುದು, ಅದಕ್ಕೆ ಮುಯ್ಯಿ ಅಂತಾರೆ. ರೊಕ್ಕದ ಮಾತಿಲ್ಲ. ಕಸ ತೆಗೆಯುವ ದಿನಗಳಲ್ಲಿ ನಮ್ಮ ಓಣಿಯ ಹೆಂಗಸರು ಅದರ ಮೇಲೆಯೇ ಬದುಕಿದವರು. ನಮ್ಮ ತಮ್ಮ ಹುಟ್ಟಿದಾಗ ನನಗೆ ಎಂಟೋ ಒಂಬತ್ತೋ. ಅವ್ವ ಬಾಣಂತನದಲ್ಲಿ ಕತ್ತಲಕೋಣೆಯಲ್ಲಿ ಮಲಗಿದ್ದಳು. ಅವಳು ಕೂಲಿಗೆ ಹೋಗುತ್ತಿದ್ದ ಗುಂಪಿನ ಹೆಂಗಸರು ದಿನಾ ಬೆಳಗ್ಗೆ ಬಾಗಿಲಿಗೆ ಬಂದು "ನಿಮ್ಮವ್ವನ ಕುರ್ಪಿ ಕೊಡು ಬೇ" ಅನ್ನುತ್ತಿದ್ದರು. ನಾನು ಕಸ ಕೀಳುವ ಆ ಕುರ್ಪಿ ಹಿಡಿದು ಅವರ ಹಿಂದೆ ಓಡುತ್ತಿದ್ದೆ. ಅವ್ವನ ಸಾಲಿನ ತುದಿಗೆ ಅದನ್ನು ಮಣ್ಣಿನಲ್ಲಿ ನೆಡುವುದು ನನ್ನ ಕೆಲಸ. ಕುರ್ಪಿ ನಿಂತಿದ್ದರೆ ಆ ಸಾಲಿಗೆ ಆಳು ಇದೆ ಅಂತ ಲೆಕ್ಕ. ಹೊಲದ ಸಾವಕಾರ ಬಂದು ಎಣಿಸುತ್ತಿದ್ದ. ಕುರ್ಪಿಯನ್ನೂ ಹಿಡಿದು ಎಣಿಸುತ್ತಿದ್ದ. ಸಂಜೆ ಅವ್ವನ ಪಾಲಿನ ಜೋಳ ಯಾರದೋ ಸೆರಗಿನಲ್ಲಿ ನಮ್ಮ ಮನೆಗೆ ಬರುತ್ತಿತ್ತು. ಆ ಜೋಳದ ಗಂಜಿಯ ಮೇಲೆ ಅವ್ವನಿಗೆ ಹಾಲು ಬಂತು, ನನ್ನ ತಮ್ಮ ಬದುಕಿದ.

ಓದು ಬಾರದ ಆ ಸಾವಕಾರನಿಗೆ ಕಂಡದ್ದು, ನನಗೆ, ಹದ್ದಿನ ಕಣ್ಣಿನವಳಿಗೆ ಕಾಣಲಿಲ್ಲ. ಫೋಟೊ ಇಡೀ ಲೋಕಕ್ಕೆ ತೆರೆದಿತ್ತು. ಅವರು ಏನನ್ನೂ ಮುಚ್ಚಿರಲಿಲ್ಲ. ಮುಚ್ಚುವುದಿದ್ದರೆ ಯಾರಿಗಾದರೂ ಸೆರಗು ಹೊದಿಸಿ ಹನ್ನೆರಡನೆಯವಳು ಅಂತ ನಿಲ್ಲಿಸಬಹುದಿತ್ತು. ಬುಟ್ಟಿ ಇಟ್ಟು, ನೋಡಿ ಇವಳು ಬಂದಿಲ್ಲ, ಇವಳ ಪಾಲು ನಾವು ಹೊತ್ತಿದ್ದೇವೆ ಅಂತ ಸರಕಾರದ ಕಣ್ಣಿಗೇ ತೋರಿಸಿದ್ದರು.

ಬಸ್ಸು ಬಂತು. ನಾನು ಹತ್ತಲಿಲ್ಲ. "ನಡಿ, ಆಕಿ ಮನಿಗೆ ಹೋಗೂಣು" ಅಂದೆ.

ಆ ಹೆಂಗಸಿಗೆ ಸುದ್ದಿ ಮುಟ್ಟಿತ್ತು. ಮೊರ ಪಕ್ಕಕ್ಕಿತ್ತು, ಕೈ ಸುಮ್ಮನೆ ಮಡಿಲಲ್ಲಿತ್ತು. ನಾನು ಹೊಸ್ತಿಲಲ್ಲಿ ನಿಂತೆ. ಅವಳೇ ಮಾತು ತೆಗೆದಳು.

"ರೊಕ್ಕದ ಫಿಕರ್ ಇಲ್ಲ ತಂಗಿ. ಹೆಂಗಾರ ಮಾಡಿ ಕಟ್ತೇನಿ. ಕಾರ್ಡ್ ಒಂದು ತಗೀಬ್ಯಾಡ್ರಿ. ಕಾರ್ಡ್ ಹೋದ್ರ ನಾ ಗುಂಪಿನಾಗ ಇರಂಗಿಲ್ಲ. ಇವ್ರು ಹನ್ನೊಂದು ಮಂದಿ ನನ್ನ ಸಲುವಾಗಿ ಬೆವರ ಸುರಿಸ್ಯಾರ. ಇವ್ರ ಮುಯ್ಯಿ ನಾ ಎಲ್ಲಿ ತೀರಸ್ಲಿ? ಒಂದು ಗೇಣು ಹೊಲ ಇಲ್ಲ ನನಗ. ಮುಯ್ಯಿ ತೀರಿಸದ ಸತ್ತ್ರ ಮಣ್ಣಿಗೆ ಬಂದವ್ರ ಮುಂದ ನನ್ನ ಹೆಣಕ್ಕೂ ನಾಚಿಕಿ."

ಅವಳಿಗೆ ಬೇಕಾಗಿದ್ದದ್ದು ಇಷ್ಟು. ಕಾರ್ಡ್ ಉಳಿಯಬೇಕು, ಕಾಲು ಕೂಡಬೇಕು, ಆ ದಿನ್ನೆಯ ಮೇಲೆ ಬೇರೆಯವರ ಬುಟ್ಟಿಯನ್ನೂ ತಾನು ಹೊರಬೇಕು. ನಾನು ಅಡ್ಡಗೆರೆ ಎಳೆದದ್ದು ಇದರ ಮೇಲೆ. ಅಲ್ಲಿಯೇ ಅವಳ ಹೊರಸಿನ ಬುಡದಲ್ಲಿ ಕುಕ್ಕರಿಸಿ ಅತ್ತುಬಿಟ್ಟೆ. "ಏ ಹುಚ್ಚಿ, ಕಾಲ ಮುರದದ್ದು ನಂದು, ಅಳಾಕತ್ತೀ ನೀನು" ಅಂತ ಅವಳೇ ನನ್ನ ತಲೆ ಸವರಿದಳು.

ಮರುದಿನ ಸಾಹೇಬರ ಮುಂದೆ ಹೋಗಿ ನಿಂತೆ. ಎಲ್ಲಾ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನೀವು ಹೇಳೋದು ಖರೇ ಇರಬಹುದ್ರಿ. ಆದ್ರ ಒಬ್ಬರ ಹೆಸರಿನ ಮ್ಯಾಲ ಇನ್ನೊಬ್ರು ದುಡಿಯೋದಕ್ಕ ಹಾದಿ ಬಿಟ್ವಿ ಅಂದ್ರ, ನಾಳೆ ಜೇವರ್ಗಿಯ ನಿಮ್ಮ ಹೊಂಡದವನೂ ಮುಯ್ಯಿ ಅಂತಾನ. ಅವಂಗೇನು ಹೇಳ್ತೀರಿ?"

ಅವರು ಹೇಳಿದ್ದೂ ಸರಿ. ಇವತ್ತಿಗೂ ಸರಿ ಅನ್ನುತ್ತೇನೆ. ನಮ್ಮಪ್ಪನಿಗೆ "ನೀ ಯಾರಲೇ" ಅಂದ ಕಾಲ ಮತ್ತೆ ಬರಬಾರದು ಅಂದರೆ ಪಟ್ಟಿ ಪಟ್ಟಿಯಂತೆಯೇ ಇರಬೇಕು, ಹೆಸರಿಗೆ ಹೆಸರು, ತಲೆಗೆ ತಲೆ. ಒಂದು ಬುಟ್ಟಿಗೆ ದಾರಿ ಬಿಟ್ಟರೆ ಅದರ ಹಿಂದೆ ನೂರು ಕಳ್ಳ ಬುಟ್ಟಿ ಬರುತ್ತವೆ, ನಾನೇ ಹಿಡಿದಿದ್ದೇನೆ. ಆದರೆ ಸೈಟಿಗೆ ಕಾಣುವುದು ದುಡ್ಡು ಹೋದ ದಾರಿ ಅಷ್ಟೇ. ಆ ದಾರಿಯಲ್ಲಿ ಯಾರು ಯಾರನ್ನು ಹೊತ್ತುಕೊಂಡು ನಡೆದರು ಅನ್ನುವುದಕ್ಕೆ ಅಲ್ಲಿ ಕಾಲಂ ಇಲ್ಲ. ಅದನ್ನು ಕೇಳಲಿಕ್ಕೇ ನಮ್ಮನ್ನು ಮನೆಮನೆಗೆ ಕಳಿಸುತ್ತಾರೆ. ಕೇಳುವ ಕೆಲಸವನ್ನು ನಾನು ಮಾಡಿರಲಿಲ್ಲ.

"ಮತ್ತೊಮ್ಮೆ ಅಳೀತೇನಿ. ಅದಕ್ಕಾರ ಹಾದಿ ಅದ ಏನ್ರಿ?" ಅಂದೆ. ಮರುಪರಿಶೀಲನೆಗೆ ಹಾದಿ ಇತ್ತು. ಟೇಪು ಹಿಡಿದು ನಾನೂ ಇನ್ನೊಬ್ಬ ಸಿಬ್ಬಂದಿಯೂ ದಿನ್ನೆ ಹತ್ತಿದೆವು. ಗುಂಪಿನವರೂ ಬಂದರು, ದೂರ ನಿಂತರು. ಒಂದು, ಎರಡು, ಹನ್ನೆರಡು. ಎಲ್ಲಾ ಅಳತೆಗೆ ಸರಿ. ಹನ್ನೆರಡನೆಯದು ಮಾತ್ರ ಒಂದು ಗೇಣು ಜಾಸ್ತಿ ಆಳ ಇತ್ತು. "ಇದು ಯಾಕ ಹಿಂಗ?" ಅಂದೆ. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು, ಹೊಸದಾಗಿ ಮದುವೆಯಾಗಿ ಬಂದ ಸೊಸೆ, ನಾಚಿಕೊಂಡು ಹೇಳಿದಳು, "ಆಕಿ ತಗ್ಗಿಗೆ ಯಾರೂ ಕಡಿಮಿ ಅದ ಅಂತ ಹೆಸರಿಡಬಾರ್ದಂತ ನಾನೇ ಇನ್ನೊಂದಿಷ್ಟು ತೋಡಿದ್ನಿರಿ." ಉಳಿದವರು ಅವಳನ್ನು ಕೆಣಕಿದರು. ಎಲ್ಲರಿಗಿಂತ ಹೆಚ್ಚು ಬುಟ್ಟಿ ಹೊತ್ತವಳು ಅವಳೇ ಅಂತೆ.

ಈ ಸಲ ಷರಾ ಕಾಲಂ ತುಂಬಿ, ಹಾಳೆಯ ಹಿಂಬದಿಗೂ ಬರೆದೆ. ಮತ್ತೆ ಸಭೆ ಸೇರಿಸಿದರು. "ತಪ್ಪು ಓದೀನಿ. ತಪ್ಪು ನಂದು" ಅಂತ ಅದೇ ಗಂಟಲಿನಲ್ಲಿ ಹೇಳಿದೆ. ನನ್ನ ಜೀವಮಾನದಲ್ಲಿ ನಾನು ಅಷ್ಟು ಮೆತ್ತಗೆ ಕೂತದ್ದು ಅವತ್ತೇ.

ಮೇಲಿನವರು ಒಪ್ಪಿದರು. ಕೆಲಸ ಅಳತೆಗೆ ಸರಿ ಇರುವುದರಿಂದ ವಸೂಲಿ ಬೇಡ, ಕಾರ್ಡ್ ಇರಲಿ, ಕಾಯಕ ಬಂಧುವೂ ಇರಲಿ. ಒಂದೇ ಷರತ್ತು. ಗೈರುಹಾಜರಾದವರ ಹೆಸರಿನಲ್ಲಿ ಇನ್ನು ಮುಂದೆ ಯಾರೂ ಕೆಲಸ ಮಾಡುವುದಿಲ್ಲ ಅಂತ ಗುಂಪಿನವರು ಮುಚ್ಚಳಿಕೆ ಬರೆದುಕೊಡಬೇಕು. ನಾನು ಖುಷಿಯಿಂದ ಕುಣಿಯುವುದೊಂದು ಬಾಕಿ. ಮುಚ್ಚಳಿಕೆಯನ್ನು ನನ್ನ ಕೈಯಾರೆ, ಒಂದು ಕಾಟು ಇಲ್ಲದೆ ಬರೆದೆ. ಹನ್ನೊಂದು ಮಂದಿ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ಹನ್ನೆರಡನೆಯವಳ ಹೊರಸಿನ ಹತ್ತಿರ ನಾನೇ ಹಾಳೆ ಒಯ್ದೆ. ಅವಳು ಮಸಿ ಹಚ್ಚಿದ ಬೆರಳನ್ನು ಹಾಳೆಯ ಮೇಲೆ ಹಾಗೇ ಹಿಡಿದಳು.

"ಇದಕ್ಕ ಒತ್ತಿದ್ರ, ನಾ ಇವ್ರಿಗೆ ಹೆಂಗ ತೀರಸ್ಲಿ ತಂಗಿ?"

"ಮೊದ್ಲ ಕಾರ್ಡ್ ಉಳಸ್ಕೊಳ್ರಿ ಅಕ್ಕಾ. ಉಳದದ್ದು ಆಮ್ಯಾಲ ನೋಡೂಣು" ಅಂದೆ. ನನಗೆ ಅವಸರ. ಸಾಹೇಬರು ಸಂಜೆಯೊಳಗೆ ತರಲು ಹೇಳಿದ್ದರು. ಅವಳು ನನ್ನ ಮುಖ ನೋಡಿದಳು, ಒತ್ತಿದಳು.

ಅದಾದ ಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಸಭೆಯಲ್ಲಿ ಪಟ್ಟಿ ಓದುವ ಮೊದಲು ಕೇಳುತ್ತೇನೆ, ಎದ್ದು ನಿಂತವರನ್ನು ಕೂಡ್ರಿಸುವುದಿಲ್ಲ. ಕಳ್ಳರನ್ನು ಹಿಡಿಯುವುದೂ ಬಿಟ್ಟಿಲ್ಲ, ಅದರ ಮಜಾ ಬೇರೆ. ಆದರೆ ಆಳಂದದ ಆ ಆನ್‌ಲೈನ್ ಅಂಗಡಿಗೆ ಹೋದಾಗಲೆಲ್ಲ, ಯಾವ ಊರಿನ ಪಟ್ಟಿ ತೆಗೆಯಲು ಹೋಗಿರಲಿ, ಕೊನೆಗೊಮ್ಮೆ ಆ ಅಫಜಲಪುರದ ಊರನ್ನು ತೆಗೆದು ನೋಡುವುದು ಚಟವಾಗಿಬಿಟ್ಟಿತ್ತು. ಮುಂದಿನ ಬೇಸಿಗೆಯಲ್ಲಿ ಆ ಹೆಂಗಸು ಫೋಟೊದಲ್ಲಿ ಕಂಡಳು. ಕೈಯಲ್ಲಿ ಕೋಲು, ಹೆಗಲ ಮೇಲೆ ಆ ಟವೆಲ್ಲು. ಅಂಗಡಿಯವನಿಗೆ ತೋರಿಸಿ, "ನೋಡಪಾ, ಎದ್ದಾಳ!" ಅಂದೆ. ಅವನಿಗೆ ತಲೆಬುಡ ತಿಳಿಯಲಿಲ್ಲ, ಆದರೂ ನಕ್ಕ.

ಕೆಲವು ದಿನ ಬಿಟ್ಟು ಮತ್ತೆ ತೆಗೆದೆ. ಎಣಿಸಿದೆ, ಹನ್ನೊಂದು. ಪಟ್ಟಿ ನೋಡಿದೆ. ಹಾಜರಿ ಹನ್ನೊಂದು, ಗೈರು ಒಂದು. ಮರುದಿನದ್ದೂ ಹಾಗೇ. ಎಲ್ಲಾ ಸರಿಯಾಗಿತ್ತು. ಕಾಯಕ ಬಂಧುವಿಗೆ ಫೋನು ಮಾಡಿದೆ.

"ಯಾರವ್ವಾ ಬಂದಿಲ್ಲ?"

"ನಮ್ಮ ಸಣ್ಣಾಕಿ ರೀ ಮ್ಯಾಡಂ, ತಗ್ಗು ಜಾಸ್ತಿ ಆಳ ತೋಡಿದಾಕಿ. ಹೆಣ್ಣು ಕೂಸು ಹುಟ್ಯಾದ. ಗೈರ ಹಾಕೀನ್ರಿ, ಎಲ್ಲಾ ಬರೋಬರಿ ಅದ, ನೋಡ್ರಿ ಬೇಕಾದ್ರ."

"ಆಕಿ ತಗ್ಗು?"

"ಹಂಗೇ ಬಿಟ್ಟೀವ್ರಿ. ಕಾಲ ಮುರದಿತ್ತಲ್ಲ, ಆ ಅಕ್ಕ ದಿನಾ ಕೇಳ್ತಾಳ, 'ನಾ ತೋಡ್ಲೇನು, ನಾ ತೋಡ್ಲೇನು' ಅಂತ. ಬ್ಯಾಡ ಅಂತ ನಾನೇ ಬೈದೀನಿ. ಬರದು ಕೊಟ್ಟೀವಲ್ರಿ ನಿಮಗ."

ಫೋನು ಇಟ್ಟೆ. ಆ ಮುಚ್ಚಳಿಕೆಯ ಅಕ್ಷರ ನನ್ನವು. ನನ್ನ ಅವ್ವ ಹಡೆದು ಮಲಗಿದಾಗ ಅವಳ ಸಾಲಿಗೆ ಕುರ್ಪಿ ನೆಟ್ಟವಳು ನಾನು. ಅಫಜಲಪುರದ ಆ ಊರಲ್ಲಿ ಒಬ್ಬಳು ಹಡೆದು ಮಲಗಿದ್ದಾಳೆ, ಅವಳ ಮನೆಗೆ ಸಂಜೆ ಯಾರ ಸೆರಗಿನಲ್ಲೂ ಏನೂ ಬರುವುದಿಲ್ಲ.

ಅಂಗಡಿಯವನು "ಪ್ರಿಂಟ್ ಹೊಡೀಲೇನ್ರಿ ಅಕ್ಕಾರ?" ಅಂತ ಕೇಳಿದ. ಬೇಡ ಅಂದೆ. ಫೋಟೊವನ್ನು ಬೆರಳಿನಿಂದ ದೊಡ್ಡದು ಮಾಡಿದೆ. ಬುಟ್ಟಿ ಇರಲಿಲ್ಲ. ಕೋಲು ಹಿಡಿದವಳ ಪಕ್ಕದಲ್ಲಿ ಒಂದು ಆಳು ನಿಲ್ಲುವಷ್ಟು ಜಾಗ ಬಿಟ್ಟು ನಿಂತಿದ್ದರು.